ಅಪ್ಪನ ವಾಲ್ವ್ ಕಿರಿದಾಗಿದೆಯಂತೆ, ಮಾತ್ರೆಯಲ್ಲಿ ಹೋಗಲ್ವಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಅಪ್ಪನಿಗೆ 74. ಹೋದ ವರ್ಷ ಕಾಫಿ ಕುಯ್ಲಿನವರೆಗೂ ತೋಟವೆಲ್ಲ ಸುತ್ತುತ್ತಿದ್ದರು. ಈಗ ಸ್ವಲ್ಪ ಏರು ಹತ್ತಿದರೂ ಏದುಸಿರು, ಒಮ್ಮೆ ಕಣದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೂಬಿಟ್ಟರು. ಹಾಸನದಲ್ಲಿ ಹೃದಯದ ಎಕೋ ಸ್ಕ್ಯಾನ್ ಮಾಡಿಸಿದಾಗ ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲು) ತುಂಬಾ ಕಿರಿದಾಗಿದೆ, ಬದಲಿಸಬೇಕು ಎಂದರು. ಅಪ್ಪ 'ಈ ವಯಸ್ಸಲ್ಲಿ ಎದೆ ಕುಯ್ಸಿಕೊಳ್ಳಲ್ಲ, ಮಾತ್ರೆ ಕೊಡಿಸಿ' ಅಂತ ಹಟ ಹಿಡಿದಿದ್ದಾರೆ. ತೊಡೆಯಿಂದಲೂ ವಾಲ್ವ್ ಹಾಕುತ್ತಾರಂತೆ, ಹೌದಾ?

ಉತ್ತರ: ನಿಮ್ಮ ಪತ್ರದಲ್ಲಿ 'ಕಣದಲ್ಲಿ ಬಿದ್ದರು' ಅನ್ನೋ ಸಾಲೇ ನನಗೆ ಜಾಸ್ತಿ ಯೋಚನೆ ತಂದದ್ದು. ವಯಸ್ಸಾಯ್ತು, ಸುಸ್ತು ಸಹಜ ಅಂತ ಬಿಡಬೇಡಿ. ಸರಿಯಿರುವ ವಾಲ್ವ್ 3–4 ಚದರ ಸೆಂಟಿಮೀಟರ್ ತೆರೆಯುತ್ತದೆ, ಸುಣ್ಣ ಕಟ್ಟಿ 1ಕ್ಕಿಂತ ಕಡಿಮೆಯಾದರೆ ಕಾಯಿಲೆ ತೀವ್ರ ಅಂತ ಲೆಕ್ಕ. ಆ ಸುಣ್ಣ ಕರಗಿಸುವ ಮಾತ್ರೆ ಇನ್ನೂ ಬಂದಿಲ್ಲ. ಏದುಸಿರು, ತಲೆಸುತ್ತು ಶುರುವಾದ ಮೇಲೂ ವಾಲ್ವ್ ಬದಲಿಸದಿದ್ದರೆ ಸುಮಾರು ಅರ್ಧದಷ್ಟು ಜನ ಎರಡು ವರ್ಷ ದಾಟುವುದಿಲ್ಲ. ಕಠೋರವಾಗಿ ಹೇಳಿದೆ, ಆದರೆ ಅಪ್ಪನಿಗೆ ಇದು ಗೊತ್ತಾಗಬೇಕು.

ಹೌದು, ತೊಡೆಯ ರಕ್ತನಾಳದಿಂದ ಹಾಕುತ್ತಾರೆ. ಹೆಸರು ಟಾವಿ. 2002ರಲ್ಲಿ ಫ್ರಾನ್ಸಿನ ಅಲೇನ್ ಕ್ರಿಬಿಯೆ ಮೊದಲು ಮಾಡಿದ್ದು. ಆಪರೇಷನ್ ತಡೆದುಕೊಳ್ಳಲಾಗದ ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಬಂತು: ಒಂದು ವರ್ಷದಲ್ಲಿ ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ ಸುಮಾರು 50 ಜನ ತೀರಿಕೊಂಡರೆ ಟಾವಿಯವರಲ್ಲಿ 30. ಆಮೇಲೆ ಗಟ್ಟಿಮುಟ್ಟಾದವರಿಗೂ ಮಾಡತೊಡಗಿದರು. ಈಗ 65ರ ಒಳಗಿನವರಿಗೆ ಹೆಚ್ಚಾಗಿ ಆಪರೇಷನ್, 80 ದಾಟಿದವರಿಗೆ ಟಾವಿ, ನಡುವೆ ಇರುವ ನಿಮ್ಮಪ್ಪನಂಥವರಿಗೆ ಎರಡೂ ಆಗಬಹುದು. ಸಿ.ಟಿ. ಸ್ಕ್ಯಾನ್‌ನಲ್ಲಿ ತೊಡೆಯ ನಾಳ, ವಾಲ್ವಿನ ಆಕಾರ ನೋಡಿ ಹೇಳುತ್ತಾರೆ. ಹೃದಯದ ನಾಳದಲ್ಲಿ ಬ್ಲಾಕ್ ಜಾಸ್ತಿ ಇದ್ದರೆ ಎರಡನ್ನೂ ಒಂದೇ ಸಲ ಮುಗಿಸೋಕೆ ಆಪರೇಷನ್ನೇ ವಾಸಿ.

ಟಾವಿಯಲ್ಲಿ ಕೆಲವೇ ದಿನಕ್ಕೆ ಮನೆಗೆ ಬರಬಹುದು, ಆದರೆ ಕೆಲವರಿಗೆ ಪೇಸ್‌ಮೇಕರ್ (ಹೃದಯದ ಬಡಿತ ಸರಿಯಿಡುವ ಪುಟ್ಟ ಯಂತ್ರ) ಬೇಕಾಗುತ್ತದೆ, ಖರ್ಚೂ ಲಕ್ಷಗಳಲ್ಲಿ. ಆಪರೇಷನ್ ಆದರೆ ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಈ ವಯಸ್ಸಿಗೆ ಲೋಹದ ವಾಲ್ವಿಗಿಂತ ಪ್ರಾಣಿಯ ಅಂಗಾಂಶದ್ದೇ ನನ್ನ ಆಯ್ಕೆ. ಸಾಮಾನ್ಯವಾಗಿ 10–15 ವರ್ಷ ಬರುತ್ತದೆ. ಲೋಹದ್ದಾದರೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ, ಜೊತೆಗೆ ಆಗಾಗ ರಕ್ತಪರೀಕ್ಷೆಗೆ ಘಾಟಿ ರಸ್ತೆಯಲ್ಲಿ ಓಡಾಟ, ಯಾಕೆ ಬೇಕು ಹೇಳಿ?

ಮೈಸೂರಿನ ಜಯದೇವದಲ್ಲಿ ಒಮ್ಮೆ ತೋರಿಸಿ, ತಡ ಮಾಡಬೇಡಿ. ಆಯುಷ್ಮಾನ್ ಕಾರ್ಡಿಗೆ ಯಾವುದು ಸಿಗುತ್ತದೆ ಅಂತ ಮೊದಲೇ ವಿಚಾರಿಸಿ. ಅಲ್ಲಿಯವರೆಗೆ ತೋಟದ ಏರು ಬೇಡ. ಎದೆನೋವು ಬಂದರೆ ನಾಲಿಗೆ ಕೆಳಗಿನ ಮಾತ್ರೆಯನ್ನು ಡಾಕ್ಟರ್ ಹೇಳದೆ ಸುಮ್ನೆ ಇಡಬೇಡಿ, ಈ ಕಾಯಿಲೆಯಲ್ಲಿ ಬಿಪಿ ದಢಕ್ಕನೆ ಇಳಿದು ಮತ್ತೆ ಬೀಳಬಹುದು. ಹಲ್ಲು ಹಾಳಾಗಿದ್ದರೆ, ಅದರ ಸೋಂಕು ಹೊಸ ವಾಲ್ವಿಗೆ ತಗಲದಂತೆ, ವಾಲ್ವ್ ಹಾಕುವ ಮೊದಲೇ ಕೀಳಿಸಿಬಿಡಿ.