ಟ್ಯೂಬು ಹೊಸದಲ್ಲ, ಒಳಗೆ ಬಿಡುವ ಮದ್ದು ಯಾವುದೆಂದು ಕೇಳಿ

ಶ್ರೀನಿವಾಸಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಮ್ಮ ಮಾವನವರ ಲಿವರ್‌ನಲ್ಲಿ ಗಡ್ಡೆಯಾಗಿದೆ. ಕ್ಯಾನ್ಸರ್, ಆಪರೇಷನ್ ಮಾಡಲು ಬರುವುದಿಲ್ಲ ಎಂದು ಬೆಂಗಳೂರಿನಲ್ಲಿ ಹೇಳಿದರು. ಆಂಜಿಯೋಗ್ರಾಮ್ ಮಾಡಿದಂತೆ ತೊಡೆಸಂದಿನಿಂದ ಟ್ಯೂಬು ಬಿಟ್ಟು ಗಡ್ಡೆಗೇ ಮದ್ದು ಹಾಕುತ್ತಾರಂತೆ. ಕಳೆದ ಸಂಚಿಕೆಯಲ್ಲಿ ಇದನ್ನೇ ಮೊಲಗಳ ಮೇಲೆ ಪ್ರಯೋಗ ಮಾಡುವ ಬಗ್ಗೆ ಓದಿದೆ. ಮಾವನವರ ಮೇಲೂ ಪ್ರಯೋಗವೇ? ಸಹಿ ಹಾಕಬೇಕೋ ಬೇಡವೋ ತೋಚುತ್ತಿಲ್ಲ."

ಸೋದರಿ, ಟ್ಯೂಬು ಬಿಡುವುದು ಪ್ರಯೋಗವಲ್ಲ. ಸೂಜಿ ಚುಚ್ಚಿ, ಅದರೊಳಗೆ ತೆಳು ತಂತಿ ತೂರಿಸಿ, ಸೂಜಿ ತೆಗೆದು, ತಂತಿಯ ಮೇಲೆ ಕ್ಯಾತಿಟರ್ ಎಂಬ ತೆಳು ಟ್ಯೂಬು ಜಾರಿಸುವ ವಿಧಾನವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲೇ ಪ್ರಕಟಿಸಿದ್ದರು. ಹೃದಯಕ್ಕೂ ಅದೇ ದಾರಿ, ಲಿವರ್‌ಗೂ ಅದೇ ದಾರಿ. ಆ ಟ್ಯೂಬಿನಲ್ಲಿ ಏನನ್ನು ಕಳಿಸುತ್ತಾರೆ ಎಂಬುದರ ಮೇಲೆ ಅದು ರೂಢಿಯ ಚಿಕಿತ್ಸೆಯೋ ಪ್ರಯೋಗವೋ ಎಂದು ತೀರ್ಮಾನವಾಗುತ್ತದೆ.

ಲಿವರ್‌ಗೆ ಎರಡು ಕಡೆಯಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಸಿರೆಯಲ್ಲಿ, ಉಳಿದದ್ದು ಹೆಪಾಟಿಕ್ ಅಪಧಮನಿಯಲ್ಲಿ. ಕ್ಯಾನ್ಸರ್ ಗಡ್ಡೆ ಮಾತ್ರ ಬಹುಪಾಲು ಅಪಧಮನಿಯ ರಕ್ತವನ್ನೇ ನಂಬಿ ಬೆಳೆಯುತ್ತದೆ. ಹಾಗಾಗಿ ಅಪಧಮನಿಯ ಕವಲಿನಲ್ಲಿ ಮದ್ದು ಬಿಟ್ಟು ಆ ಕವಲನ್ನೇ ಮುಚ್ಚಿದರೆ ಗಡ್ಡೆ ಸೊರಗುತ್ತದೆ, ಲಿವರ್‌ನ ಉಳಿದ ಭಾಗ ಪೋರ್ಟಲ್ ರಕ್ತದಲ್ಲಿ ಬದುಕುತ್ತದೆ. ಪೋರ್ಟಲ್ ಸಿರೆಯೇ ಕಟ್ಟಿಕೊಂಡಿದ್ದರೆ ವೈದ್ಯರು ಹಿಂಜರಿಯುವುದು ಇದಕ್ಕೇ. ಕಾಮಾಲೆ ಏರಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಕೂಡ ಹಿಂಜರಿಯುತ್ತಾರೆ.

ಒಳಗೆ ನಡೆಯುವ ಕೆಲಸ ಬಹಳ ನಾಜೂಕಿನದು. ವೈದ್ಯರು ಸೀಸದ ಏಪ್ರನ್ ತೊಟ್ಟು ಎಕ್ಸ್-ರೇ ಪರದೆ ನೋಡುತ್ತಾ ನಿಂತಿರುತ್ತಾರೆ. ಕ್ಯಾತಿಟರಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಹೊರಗೆ ಬೆರಳಲ್ಲಿ ತುಸು ತಿರುಗಿಸಿದರೆ ಒಳಗೆ ಆ ತುದಿ ಮಹಾಧಮನಿಯ ಗೋಡೆ ಸವರುತ್ತಾ ಹೋಗಿ ಲಿವರ್ ಕಡೆಯ ಕವಲಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅದರೊಳಗಿಂದ ಒಂದು ಮಿಲಿಮೀಟರಿಗಿಂತ ಸಣ್ಣದಾದ ಮೈಕ್ರೋಕ್ಯಾತಿಟರ್ ಮುಂದೆ ಹೋಗುತ್ತದೆ. ಎಕ್ಸ್-ರೇಯಲ್ಲಿ ಕಾಣುವ ಕಾಂಟ್ರಾಸ್ಟ್ ದ್ರವ ಬಿಟ್ಟಾಗ ನಾಳಗಳು ಬೇರಿನಂತೆ ಮೂಡಿ, ಗಡ್ಡೆಯಿರುವ ಜಾಗ ಮಾತ್ರ ದಟ್ಟವಾಗಿ ತುಂಬಿಕೊಳ್ಳುತ್ತದೆ. ಕೆಲವರಲ್ಲಿ ಲಿವರ್‌ನ ಬಲಭಾಗದ ನಾಳ ಕರುಳಿನ ಅಪಧಮನಿಯಿಂದ ಹುಟ್ಟಿರುತ್ತದೆ. ಅದನ್ನು ಹುಡುಕದೆ ಮದ್ದು ಬಿಡುವಂತಿಲ್ಲ. ಇಂಥ ಕೆಲಸವನ್ನು ವಾರವಾರವೂ ಮಾಡುವವರ ಕೈಯಲ್ಲೇ ಮಾಡಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ನಿಮ್ಮ ಮಾವನವರಿಗೆ ಹೇಳಿರುವುದು ಬಹುಶಃ ಟೇಸ್ (TACE) ಎಂಬ ಚಿಕಿತ್ಸೆ. ಡಾಕ್ಸೋರುಬಿಸಿನ್‌ನಂಥ ಕ್ಯಾನ್ಸರ್ ಮದ್ದನ್ನು ಲಿಪಿಯೋಡಾಲ್ ಎಂಬ ಅಯೋಡಿನ್ ಸೇರಿದ ಗಸಗಸೆ ಎಣ್ಣೆಯಲ್ಲಿ ಕಲಸಿ ಬಿಟ್ಟು, ನಂತರ ನಾಳ ಮುಚ್ಚುತ್ತಾರೆ. 2002ರಲ್ಲಿ ಬಾರ್ಸಿಲೋನಾದ ಅಧ್ಯಯನದಲ್ಲಿ ಇದನ್ನು ಪಡೆದವರಲ್ಲಿ ಶೇ. 63ರಷ್ಟು ಮಂದಿ ಎರಡು ವರ್ಷ ದಾಟಿದ್ದರು, ಪಡೆಯದವರಲ್ಲಿ ಶೇ. 27. ಅದೇ ವರ್ಷ ಹಾಂಗ್‌ಕಾಂಗ್‌ನಲ್ಲಿ ಕಂಡದ್ದು ಶೇ. 31 ಮತ್ತು ಶೇ. 11. ಲಾಭ ನಿಜ, ಆದರೆ ರೋಗ ಬುಡಸಮೇತ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಮೊಲಗಳ ವಿಷಯ. ಹೊಸ ಮದ್ದು, ನಾಳ ಮುಚ್ಚುವ ಹೊಸ ಸಣ್ಣ ಮಣಿಗಳು, ಹೊಸ ವಿಕಿರಣ ಕಣಗಳನ್ನು ಮೊದಲು ಮೊಲದ ಲಿವರ್‌ನಲ್ಲಿ ಬೆಳೆಸಿದ ವಿಎಕ್ಸ್2 ಎಂಬ ಗಡ್ಡೆಯ ಮೇಲೆ ನೋಡುತ್ತಾರೆ. ಅದೂ ಅಪಧಮನಿಯ ರಕ್ತದಲ್ಲೇ ಬೆಳೆಯುವ ಗಡ್ಡೆ. ಮನುಷ್ಯರಿಗೆ ಬಳಸುವ ಮೈಕ್ರೋಕ್ಯಾತಿಟರನ್ನೇ ಮೊಲದ ನಾಳಕ್ಕೂ ಬಳಸಬಹುದು. ಒಂದು ಅಂತರ ಮಾತ್ರ ದೊಡ್ಡದು: ಗಡ್ಡೆಯೊಂದನ್ನು ಬಿಟ್ಟರೆ ಮೊಲದ ಲಿವರ್ ಆರೋಗ್ಯವಾಗಿರುತ್ತದೆ. ನಮ್ಮ ರೋಗಿಗಳಲ್ಲಿ ಹೆಚ್ಚಿನವರ ಲಿವರ್ ಹೆಪಟೈಟಿಸ್‌ನಿಂದಲೋ ಕುಡಿತದಿಂದಲೋ ಸಕ್ಕರೆ ಕಾಯಿಲೆಯ ಕೊಬ್ಬಿನಿಂದಲೋ ಮೊದಲೇ ಗಾಯಕಟ್ಟಿ ಗಟ್ಟಿಯಾಗುವ ಸಿರೋಸಿಸ್‌ಗೆ ತಿರುಗಿರುತ್ತದೆ. ಮೊಲ ತಡೆದುಕೊಂಡ ಪ್ರಮಾಣವನ್ನು ಆ ಲಿವರ್ ತಡೆದುಕೊಳ್ಳುತ್ತದೆ ಎನ್ನಲಾಗದು. ನಡುವೆ ಮನುಷ್ಯರ ಮೇಲಿನ ಪರೀಕ್ಷೆಗಳು ಹಂತಹಂತವಾಗಿ ಆಗಲೇಬೇಕು.

ಆದ್ದರಿಂದ ಸಹಿಗೆ ಮುಂಚೆ ನೇರವಾಗಿ ಕೇಳಿ: "ಡಾಕ್ಟ್ರೇ, ಇದು ಎಲ್ಲರಿಗೂ ಮಾಡುವ ಚಿಕಿತ್ಸೆಯಾ, ಇಲ್ಲಾ ಟ್ರಯಲ್ಲಾ?" ಟ್ರಯಲ್, ಅಂದರೆ ಪ್ರಯೋಗ, ಎಂದು ಅವರು ಹೇಳಿದರೆ ಅದಕ್ಕೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಇರಬೇಕು, ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅದರ ಪ್ರತಿ ಕೇಳಿ ಪಡೆಯಿರಿ. ನಡುವೆ ಯಾವಾಗ ಬೇಕಾದರೂ ಹೊರಬರಬಹುದು. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು ಕೇಂದ್ರ ಸರ್ಕಾರದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಟ್ರಯಲ್ ಎಂದ ಮಾತ್ರಕ್ಕೆ ಬೇಡವೆನ್ನಬೇಕಿಲ್ಲ. ಹೇಳದೆ ಮಾಡುವುದು ಮಾತ್ರ ತಪ್ಪು.

ಟೇಸ್ ಆದಮೇಲೆ ಕೆಲವು ದಿನ ಜ್ವರ, ಬಲಪಕ್ಕೆಯಲ್ಲಿ ನೋವು, ವಾಕರಿಕೆ ಸಾಮಾನ್ಯ. ಚಳಿಜ್ವರ ಬಿಡದಿದ್ದರೆ, ಕಣ್ಣು ಹಳದಿಯಾದರೆ, ಮಾತು ತಡಬಡಿಸಿದರೆ ತಡಮಾಡದೆ ಅದೇ ಆಸ್ಪತ್ರೆಗೆ ಕರೆದೊಯ್ಯಿರಿ.

ನೀವು ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ಮಾವನವರ ರಿಪೋರ್ಟಿನಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಎಂದಿದೆಯೇ ನೋಡಿ. ಇದ್ದರೆ ಅತ್ತೆಯವರು, ನಿಮ್ಮ ಯಜಮಾನರು, ಅವರ ಒಡಹುಟ್ಟಿದವರು, ನೀವು, ಮಕ್ಕಳು ಎಲ್ಲರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಸೋಂಕಿಲ್ಲದವರು ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಬಹುದು. ಸೋಂಕಿರುವವರ ಲಿವರ್‌ಗೆ ಆಗಾಗ ಸ್ಕ್ಯಾನ್ ಮಾಡಿಸುತ್ತಿದ್ದರೆ, ಗಡ್ಡೆ ಹುಟ್ಟಿದರೂ ಆಪರೇಷನ್‌ಗೆ ಬರುವಷ್ಟು ಸಣ್ಣದಿದ್ದಾಗಲೇ ಸಿಗುವ ಸಾಧ್ಯತೆ ಹೆಚ್ಚು.

— ಸಂಪಾದಕ