7ನೇ ತರಗತಿ ಮುಗಿದಿದೆ, ಅಂಕೋಲೆಯ ಖಾಸಗಿ ಹೈಸ್ಕೂಲಿಗೆ ಸೇರಿಸಬೇಕು: ಯಾವ ಭಾಷೆ, ಯಾವ ವಿಷಯ, ಯಾವ ಸ್ಕಿಲ್?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಮಗಳು ಅಂಕೋಲಾ ತಾಲೂಕಿನ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ 7ನೇ ತರಗತಿ ಮುಗಿಸಿದ್ದಾಳೆ. ಈಗ ಪೇಟೆಯ ಖಾಸಗಿ ಹೈಸ್ಕೂಲಿಗೆ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಯೋಚನೆ. ಅಲ್ಲಿಯವರು ‘ಪ್ರಥಮ ಭಾಷೆ ಸಂಸ್ಕೃತ ಇಡಿ, 125ಕ್ಕೆ 125 ಬರುತ್ತದೆ’ ಅನ್ನುತ್ತಿದ್ದಾರೆ. ಜೊತೆಗೆ ಕೋಡಿಂಗ್, ರೊಬೊಟಿಕ್ಸ್, ನೀಟ್ ಫೌಂಡೇಷನ್ (ಮೆಡಿಕಲ್ ಪ್ರವೇಶ ಪರೀಕ್ಷೆಗೆ ಈಗಿನಿಂದಲೇ ತಯಾರಿ) ಅಂತ ಒಂದು ಪಟ್ಟಿ ಕೈಗಿಟ್ಟಿದ್ದಾರೆ. ಮಗಳಿಗೆ ಇಷ್ಟ ಇರುವುದು ಚಿತ್ರ ಬಿಡಿಸುವುದು.

ನಾನು ಇದೇ ಉತ್ತರ ಕನ್ನಡ ಜಿಲ್ಲೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಮೊದಲು ಶಿರಸಿ ಕಡೆ ಇದ್ದೆ, ಈಗ ಘಟ್ಟದ ಕೆಳಗೆ. ಅಡ್ಮಿಷನ್ ಹೊತ್ತಿನಲ್ಲಿ ಮೇಜಿನ ಆ ಕಡೆ ಕೂತವರು ಏನು ಹೇಳುತ್ತಾರೆ, ಏನು ಹೇಳುವುದಿಲ್ಲ ಅಂತ ಗೊತ್ತು.

ಭಾಷೆಯ ಮಾತಿಗಿಂತ ಮೊದಲು ಇನ್ನೊಂದನ್ನು ನೋಡಿ. ಪಿಯುಸಿ ಆದ ಮೇಲೆ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಬರೆಯುವ ಸಿಇಟಿಯ ಸೀಟು ಹಂಚಿಕೆಯಲ್ಲಿ ಗ್ರಾಮೀಣ ಕೋಟಾ ಶೇ 15 ಇದೆ, ಕನ್ನಡ ಮಾಧ್ಯಮ ಕೋಟಾ ಶೇ 5 ಇದೆ. ಗ್ರಾಮೀಣಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮಕ್ಕೂ ಹಾಗೇ, ಹತ್ತೂ ವರ್ಷ ಕನ್ನಡದಲ್ಲೇ ಆಗಿರಬೇಕು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ. ನಿಮ್ಮ ಮಗಳ ಹತ್ತಿರ ಈಗ ಏಳು ವರ್ಷದ ಎರಡೂ ಅರ್ಹತೆ ಇದೆ. ಪಟ್ಟಣದ ವ್ಯಾಪ್ತಿಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ ದಿನವೇ ಎರಡೂ ಹೋಯಿತು. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಈ ಎರಡು ಮೀಸಲಾತಿ ಇವೆ.

ಹಾಗಂತ ಕೋಟಾಕ್ಕಾಗಿ ಕೆಟ್ಟ ಶಾಲೆಯಲ್ಲಿ ಕೂರಿಸಿ ಅನ್ನುತ್ತಿಲ್ಲ. ಹತ್ತಿರದ ಹಳ್ಳಿಯಲ್ಲಿ ಒಳ್ಳೆಯ ಅನುದಾನಿತ ಹೈಸ್ಕೂಲ್ ಇದ್ದರೆ ಅದನ್ನೂ ಒಮ್ಮೆ ನೋಡಿ ಬನ್ನಿ. ನಮ್ಮ ಜಿಲ್ಲೆಯಲ್ಲಿ ಅಂಥವು ಸಾಕಷ್ಟಿವೆ. ಬಿಡುವುದಾದರೆ ಏನು ಬಿಡುತ್ತಿದ್ದೇವೆ ಅಂತ ತಿಳಿದು ಬಿಡಿ, ಅಷ್ಟೇ. ಪಿಯುಸಿ ಮುಗಿದ ಮೇಲೆ ಸಿಇಟಿ ಅರ್ಜಿ ತುಂಬುವಾಗ ಇದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತ ಅಪ್ಪಂದಿರನ್ನು ನೋಡಿದ್ದೇನೆ.

ಈಗ ಸಂಸ್ಕೃತ. ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು. ಗಣಿತ, ವಿಜ್ಞಾನ, ಸಮಾಜ ಎಲ್ಲರಿಗೂ ಒಂದೇ. ಅಂದರೆ ನಮ್ಮ ರಾಜ್ಯ ಪಠ್ಯಕ್ರಮದ ಹೈಸ್ಕೂಲಿನಲ್ಲಿ ‘ವಿಷಯ ಆಯ್ಕೆ’ ಅಂತ ಇರುವುದು ಭಾಷೆಗಳ ಸಾಲು ಮಾತ್ರ. ಯಾವುದು ಮೊದಲು, ಯಾವುದು ಎರಡನೇದು, ಯಾವುದು ಮೂರನೇದು. ಸಂಸ್ಕೃತ ಪತ್ರಿಕೆಯಲ್ಲಿ ಬಹಳಷ್ಟು ಉತ್ತರಗಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು. ಅದಕ್ಕೇ ಅಂಕ ಸುಲಭ. ಶಾಲೆಗೆ ಅದರಿಂದ ಫ್ಲೆಕ್ಸ್ ಬೋರ್ಡಿನ ಮೇಲೆ ಹಾಕಲು ಒಳ್ಳೆಯ ಸಂಖ್ಯೆ ಸಿಗುತ್ತದೆ.

ನಿಮಗೇನು ಸಿಗುತ್ತದೆ? ಲೆಕ್ಕ ಹಾಕಿ. ಕನ್ನಡ ಪ್ರಥಮ ಭಾಷೆಯಲ್ಲಿ ಓದುವ ಹುಡುಗಿಗೆ 118 ಬಂತು ಅಂತಿಟ್ಟುಕೊಳ್ಳಿ, ಸಂಸ್ಕೃತದಲ್ಲಿ 125 ಬರುತ್ತಿತ್ತು. ವ್ಯತ್ಯಾಸ ಏಳು. 625ರಲ್ಲಿ ಏಳು ಅಂದರೆ ಶೇ 1ಕ್ಕಿಂತ ಚೂರು ಜಾಸ್ತಿ. ಆ ಒಂದು ಪರ್ಸೆಂಟ್ ಉಪಯೋಗಕ್ಕೆ ಬರುವುದು ಪಿಯು ಕಾಲೇಜಿನ ಅಡ್ಮಿಷನ್ನಿಗೆ, ಅದೂ ನೂಕುನುಗ್ಗಲು ಇರುವ ಕಾಲೇಜಿಗೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅಲ್ಲಿ ಎಸ್ಸೆಸ್ಸೆಲ್ಸಿ ಅಂಕವನ್ನು ಯಾರೂ ಕೇಳುವುದಿಲ್ಲ.

ಕಳೆದುಕೊಳ್ಳುವುದು ಮಾತ್ರ ಜಾಸ್ತಿ. ಸಂಸ್ಕೃತ ಪ್ರಥಮ, ಇಂಗ್ಲಿಷ್ ದ್ವಿತೀಯ ಆದಾಗ ಕನ್ನಡ ಮೂರನೇ ಜಾಗಕ್ಕೆ ಹೋಗುತ್ತದೆ. ಮೂರನೇ ಭಾಷೆಯ ಪುಸ್ತಕ ಹಗುರ, ಮಕ್ಕಳು ಅದನ್ನು ತೆಗೆದುಕೊಳ್ಳುವುದೂ ಹಗುರವಾಗಿಯೇ. ಏಳು ವರ್ಷ ಕನ್ನಡದಲ್ಲಿ ಓದಿದ ಹುಡುಗಿ ಪ್ರಬಂಧ, ಪತ್ರ, ಗಾದೆ ವಿಸ್ತರಣೆ ಸರಿಯಾಗಿ ಬರೆಯಲು ಕಲಿಯುವ ವಯಸ್ಸೇ ಇದು. ಆಗಲೇ ಅದನ್ನು ಬಿಡಿಸಿದ ಹಾಗಾಯಿತು. ರಾಜ್ಯ ಸರ್ಕಾರದ ಅನೇಕ ನೇಮಕಾತಿಗಳಲ್ಲಿ ಕನ್ನಡ ಭಾಷಾ ಪರೀಕ್ಷೆ ಪಾಸಾಗಲೇಬೇಕು ಅನ್ನುವುದೂ ನೆನಪಿರಲಿ. ಕನ್ನಡ ಪ್ರಥಮ, ಇಂಗ್ಲಿಷ್ ದ್ವಿತೀಯ ಇಡಿ. ಸಂಸ್ಕೃತ ಆಸೆಯಿದ್ದರೆ, ಶಾಲೆಯಲ್ಲಿ ಕಲಿಸುವವರಿದ್ದರೆ, ಮೂರನೇ ಭಾಷೆಯಾಗಿ ತೆಗೆದುಕೊಳ್ಳಲಿ. ಶಿರಸಿ, ಸಿದ್ದಾಪುರ ಕಡೆ ಕೆಲವು ಮನೆಗಳಲ್ಲಿ ಚಿಕ್ಕಂದಿನಿಂದ ಸಂಸ್ಕೃತ ಕಿವಿಗೆ ಬಿದ್ದಿರುತ್ತದೆ. ಅಂಥ ಮಕ್ಕಳು ಅದನ್ನು ಭಾಷೆಯಾಗಿಯೇ ಓದುತ್ತಾರೆ, ಅವರ ಮಾತು ಬೇರೆ. 125ಕ್ಕೋಸ್ಕರ ಓದಿದವರಿಗೆ ಪರೀಕ್ಷೆ ಮುಗಿದ ಮೇಲೆ ಒಂದು ಶ್ಲೋಕವೂ ಉಳಿಯುವುದಿಲ್ಲ.

8ನೇ ತರಗತಿಯಲ್ಲಿ ಇಟ್ಟ ಭಾಷೆಯನ್ನು ಆಮೇಲೆ ಬದಲಾಯಿಸುವುದು ಕಷ್ಟ. ಎರಡು ವರ್ಷದ ಪಾಠ ಹಿಂದೆ ಬಿದ್ದಿರುತ್ತದೆ. ಅಡ್ಮಿಷನ್ ದಿನವೇ ಗಟ್ಟಿ ಮಾಡಿಕೊಳ್ಳಿ. ‘ನಮ್ಮಲ್ಲಿ ಎಲ್ಲ ಮಕ್ಕಳಿಗೂ ಸಂಸ್ಕೃತವೇ’ ಅಂದರೆ, ಅಲ್ಲಿ ನಿಮಗೆ ಆಯ್ಕೆಯೇ ಇಲ್ಲ ಅಂತಾಯಿತು. ಟೈಮ್‌ಟೇಬಲ್ ತೋರಿಸಿ ಅನ್ನಿ.

ಮಾಧ್ಯಮ ಬದಲಾಯಿಸಿಯೇ ಬದಲಾಯಿಸುತ್ತೀರಿ ಅಂದರೆ ಮೊದಲ ಆರು ತಿಂಗಳು ಮಗಳು ಮಂಕಾಗುತ್ತಾಳೆ. ಹೆದರಬೇಡಿ, ಬೈಯಲೂ ಬೇಡಿ. ಗಣಿತ, ವಿಜ್ಞಾನದ ಪುಸ್ತಕ ಎರಡೂ ಮಾಧ್ಯಮದಲ್ಲಿ ಒಂದೇ ಪಾಠ, ಒಂದೇ ಚಿತ್ರ, ಹೆಚ್ಚುಕಮ್ಮಿ ಒಂದೇ ಲೆಕ್ಕ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಸುಮ್ನೆ ಸಿಗುತ್ತದೆ. ಕನ್ನಡದ್ದನ್ನು ಪ್ರಿಂಟ್ ತೆಗೆಸಿ ಪಕ್ಕದಲ್ಲಿಟ್ಟುಕೊಳ್ಳಲಿ. ಮೊದಲು ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿನದ್ದು ಓದಿದರೆ ಬಾಯಿಪಾಠ ಮಾಡುವ ಚಟ ಹತ್ತುವುದಿಲ್ಲ. ಕನ್ನಡ ಮಾಧ್ಯಮದಿಂದ ಬಂದು ಹಾಳಾಗುವ ಮಕ್ಕಳು ಇಂಗ್ಲಿಷ್ ಬಾರದ್ದಕ್ಕೆ ಹಾಳಾಗುವುದಲ್ಲ. ಅರ್ಥವಾಗದ್ದನ್ನು ಅರ್ಥವಾಗದೆಯೇ ಬರೆದು ಅಂಕ ತೆಗೆಯುವುದು ರೂಢಿಯಾಗಿ ಹಾಳಾಗುತ್ತಾರೆ.

ಸಿಬಿಎಸ್‌ಇ ಶಾಲೆ ಕೂಡ ನೋಡುತ್ತಿದ್ದರೆ ಒಂದೇ ಮಾತು. ಅಲ್ಲಿ 10ರಲ್ಲಿ ಗಣಿತಕ್ಕೆ ಸ್ಟ್ಯಾಂಡರ್ಡ್, ಬೇಸಿಕ್ ಅಂತ ಎರಡು ಪತ್ರಿಕೆ ಇವೆ. ತರಗತಿಯ ಪಾಠ ಒಂದೇ, ಬೋರ್ಡ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಬೇಸಿಕ್ ಸುಲಭ ಅಂತ ಬರೆದವರಿಗೆ ಮುಂದೆ 11ರಲ್ಲಿ ಗಣಿತ ಸಿಗುವುದು ಖಾತ್ರಿಯಿಲ್ಲ. ಯಾವ ದಾರಿ ಅಂತ ಇನ್ನೂ ತೀರ್ಮಾನ ಆಗದ ಮಗುವಿಗೆ ಸ್ಟ್ಯಾಂಡರ್ಡೇ ಇರಲಿ.

ಸ್ಕಿಲ್ ಪಟ್ಟಿಗೆ ಬರೋಣ. 8ನೇ ತರಗತಿಯ ಮಗುವಿಗೆ ನೀಟ್ ಫೌಂಡೇಷನ್ ಬೇಡ, ಖಂಡಿತ ಬೇಡ. ಅದು 11ನೇ ತರಗತಿಯ ಪಾಠದ ಸೂತ್ರಗಳನ್ನು ಮೂರು ವರ್ಷ ಮೊದಲೇ ಉರು ಹೊಡೆಸುವ ಕೆಲಸ. ಆ ದುಡ್ಡಿನಲ್ಲಿ ಕಾರವಾರಕ್ಕೆ ಹೋಗಿ ಕೋಡಿಬಾಗದ ಸಾಗರ ಜೀವಶಾಸ್ತ್ರ ವಿಭಾಗ ಹೊರಗಿನಿಂದಾದರೂ ತೋರಿಸಿ, ಕಡಲಿನ ಬಗ್ಗೆ ಓದಿ ಡಿಗ್ರಿ ಪಡೆಯುವವರೂ ಇದ್ದಾರೆ ಅಂತ ಗೊತ್ತಾಗಲಿ. ಡಾಕ್ಟರು, ಎಂಜಿನಿಯರು ಬಿಟ್ಟು ಮೂರನೇ ಹೆಸರೇ ಕೇಳದೆ ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸುತ್ತಾರೆ.

ಕೋಡಿಂಗ್ ಕಲಿತರೆ ನಷ್ಟವಿಲ್ಲ. ಆದರೆ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಎಷ್ಟು ಮಕ್ಕಳು ಅಂತ ಎಣಿಸಿ. ಮೂರು ಜನ ಕೂತರೆ ಕೀಬೋರ್ಡ್ ಹಿಡಿಯುವವನು ಒಬ್ಬನೇ, ಉಳಿದಿಬ್ಬರು ನೋಡುವವರು. ರೊಬೊಟಿಕ್ಸ್ ಕಿಟ್ಟು ಅಂತೂ ಹೆಚ್ಚಿನ ಕಡೆ ಬೀರುವಿನಲ್ಲಿರುತ್ತದೆ, ಪಾಲಕರ ಸಭೆಯ ದಿನ ಹೊರಗೆ ಬರುತ್ತದೆ.

ನನ್ನ ಪ್ರಕಾರ ಹೈಸ್ಕೂಲಿನಲ್ಲಿ ಬೆಳೆಸಬೇಕಾದ ಸ್ಕಿಲ್ ಅಂದರೆ ಕೈಯಾರೆ ಮಾಡಿ, ಅಳೆದು, ಬರೆದಿಡುವುದು. ಆಮ್ಮೀಟರ್ ಸರಣಿಯಲ್ಲಿ, ವೋಲ್ಟ್‌ಮೀಟರ್ ಸಮಾಂತರದಲ್ಲಿ ಅಂತ 10ನೇ ತರಗತಿಯ ಎಲ್ಲ ಮಕ್ಕಳೂ ಬರೆಯುತ್ತಾರೆ. ವೈರು ಕೈಗೆ ಕೊಡಿ. ಅರ್ಧ ಜನ ವೋಲ್ಟ್‌ಮೀಟರನ್ನು ಸಾಲಿನಲ್ಲೇ ಸೇರಿಸುತ್ತಾರೆ, ಬಲ್ಬು ಹೊತ್ತುವುದಿಲ್ಲ. ‘ಸರ್, ಬಲ್ಬು ಹೋಗಿದೆ’ ಅಂತಾರೆ. ಬಲ್ಬು ಹೋಗಿಲ್ಲ ಅಂತ ಅವರೇ ಕಂಡುಕೊಳ್ಳುವ ತನಕ ನಾನು ಬಾಯಿ ಬಿಡುವುದಿಲ್ಲ. ಅದನ್ನು ಕಂಡುಕೊಂಡ ಮಗುವಿಗೆ ಆ ಪಾಠವನ್ನು ಮತ್ತೆ ಹೇಳಿಕೊಡಬೇಕಿಲ್ಲ.

ಪ್ರಾಜೆಕ್ಟ್ ಕೂಡ ಹಾಗೆ. ಪೇಟೆಯಲ್ಲಿ ಬಣ್ಣದ ಚಿತ್ರದ ಚಾರ್ಟ್ ತಂದು, ಅಂಟಿಸಿ, ಅಮ್ಮನ ಕೈಲಿ ಶೀರ್ಷಿಕೆ ಬರೆಸಿ ತರುವುದೇ ಜಾಸ್ತಿ. ನಮ್ಮಲ್ಲಿ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಅಂಚಿನ ಮನೆಯ ಒಬ್ಬ ಹುಡುಗಿ ಬೇರೆ ಥರ ಮಾಡಿದಳು. ಅವರ ಬಾವಿ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಹೊಳೆಯ ಉಪ್ಪುನೀರು ಒಳಗೆ ಬರುವುದರಿಂದ. ಅವಳು ಜನವರಿಯಿಂದ ಮಳೆ ಶುರುವಾದ ಮೇಲಿನ ತನಕ ತಿಂಗಳಿಗೊಮ್ಮೆ ಒಂದು ಲೀಟರ್ ನೀರು ಕಾಸಿ ಬತ್ತಿಸಿದಳು. ಸ್ಟೀಲ್ ಬಟ್ಟಲಿನ ತಳದಲ್ಲಿ ಉಳಿದ ಬಿಳಿ ಪುಡಿಯನ್ನು ಕೆರೆದು, ಪೊಟ್ಟಣ ಕಟ್ಟಿ, ಬಂಗಾರದ ಅಂಗಡಿಯಲ್ಲಿ ತೂಗಿಸಿದಳು. ಅಡುಗೆಮನೆ ತಕ್ಕಡಿಯಲ್ಲಿ ಅಷ್ಟು ಸಣ್ಣ ತೂಕ ತೋರುವುದಿಲ್ಲವಲ್ಲ. ಗ್ರಾಫ್ ಮೇ ತನಕ ಏರಿ, ಮಳೆ ಬಂದ ಮೇಲೆ ದಡಕ್ಕನೆ ಇಳಿಯಿತು. ಅದೇ ಗಜನಿಯಲ್ಲಿ ಕಗ್ಗ ಭತ್ತ ಉಪ್ಪು ತಡೆದುಕೊಂಡು ಬೆಳೆಯುವುದರ ಬಗ್ಗೆ ಅಜ್ಜನ ಹತ್ತಿರ ಕೇಳಿ ಎರಡು ಪುಟ ಬರೆದಳು. ರಸಾಯನಶಾಸ್ತ್ರ, ಗ್ರಾಫ್, ಕನ್ನಡ ಬರವಣಿಗೆ ಎಲ್ಲವೂ ಒಂದೇ ಪುಸ್ತಕದಲ್ಲಿ. ಫೀಸು ಒಂದು ರೂಪಾಯಿ ಇಲ್ಲ. ಇಂಥ ಯೋಚನೆಗಳಿಗೆ ಇನ್‌ಸ್ಪೈರ್ ಮಾನಕ್ ಅಂತ ಕೇಂದ್ರದ ಯೋಜನೆಯಿದೆ, ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಕೊಡುತ್ತಾರೆ. ಹೆಸರು ಕಳಿಸಬೇಕಾದ್ದು ಶಾಲೆ. ನಿಮ್ಮ ಶಾಲೆ ಕಳಿಸುತ್ತದಾ ಕೇಳಿ.

ಮಗಳ ಚಿತ್ರಕಲೆಯನ್ನು ಮಾತ್ರ ಬಿಡಿಸಬೇಡಿ. ‘10ನೇ ಕ್ಲಾಸ್ ಬಂತು, ಇನ್ನು ಚಿತ್ರ ಸಾಕು’ ಅನ್ನುವವರು ಮನೆಗೊಬ್ಬರು ಇರುತ್ತಾರೆ. ವಿಜ್ಞಾನ ಪತ್ರಿಕೆಯಲ್ಲಿ ಹೃದಯ, ಕಣ್ಣು, ಕಿರಣ ರೇಖಾಚಿತ್ರಗಳಿಗೆ ಅಂಕ ಇದೆ. ಸರ್ಕಾರ ನಡೆಸುವ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ, ಹೈಸ್ಕೂಲಿನಲ್ಲಿರುವಾಗಲೇ ಕಟ್ಟಬಹುದು. ಮುಂದೆ ಆರ್ಕಿಟೆಕ್ಚರ್ ಕಡೆ ಮನಸ್ಸಾದರೆ ಅದರ ಪ್ರವೇಶ ಪರೀಕ್ಷೆ ನಾಟಾದಲ್ಲಿ ಚಿತ್ರ ಬಿಡಿಸಲೇಬೇಕು, ಅದಕ್ಕೆ ಪಿಯುಸಿಯಲ್ಲಿ ಗಣಿತವೂ ಬೇಕು. ನಮ್ಮ ಕಡೆ ಜುಲೈನಲ್ಲಿ ಡಿಸಿ ಮಳೆ ರಜೆ ಕೊಡುವ ದಿನಗಳಿವೆಯಲ್ಲ, ಅವೆಲ್ಲ ಚಿತ್ರಕ್ಕೇ ಇರಲಿ.

ನಿಜವಾದ ವಿಷಯ ಆಯ್ಕೆ ಬರುವುದು ಎಸ್ಸೆಸ್ಸೆಲ್ಸಿ ಆದ ಮೇಲೆ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ವಿಜ್ಞಾನಕ್ಕೆ ಹೋದರೆ ಭೌತ, ರಸಾಯನ, ಗಣಿತದ ಜೊತೆ ಜೀವಶಾಸ್ತ್ರವೋ (ಪಿಸಿಎಂಬಿ) ಕಂಪ್ಯೂಟರೋ (ಪಿಸಿಎಂಸಿ) ಅನ್ನುವುದು ಅಲ್ಲಿಯ ಜಗಳ. ಜೀವಶಾಸ್ತ್ರ ಬಿಟ್ಟರೆ ಮೆಡಿಕಲ್ ಮಾತ್ರ ಹೋಗುವುದಲ್ಲ. ಕೃಷಿ, ಪಶುವೈದ್ಯ, ಮಂಗಳೂರಿನ ಮೀನುಗಾರಿಕೆ ಕಾಲೇಜು, ನಮ್ಮದೇ ಶಿರಸಿಯ ಅರಣ್ಯ ಕಾಲೇಜು, ಈ ಬಾಗಿಲುಗಳೂ ಮುಚ್ಚುತ್ತವೆ. ಕಾಡು, ಕಡಲು ಎರಡೂ ಇರುವ ಜಿಲ್ಲೆಯವರು ಅದನ್ನು ಯೋಚಿಸದೆ ಬಿಡಬಾರದು ಅಲ್ವಾ? ಕಂಪ್ಯೂಟರ್ ಬೇಕಾದರೆ ಆಮೇಲೂ ಕಲಿಯಬಹುದು. ಕಾಮರ್ಸ್ ಅಂದರೆ ಗಣಿತ ತಪ್ಪಿತು ಅಂತ ಖುಷಿಪಡುವವರಿಗೆ ಅಲ್ಲಿ ಎಷ್ಟೋ ಕಡೆ ಸಂಖ್ಯಾಶಾಸ್ತ್ರ ಕಾದಿರುತ್ತದೆ. ಕೈಕೆಲಸದಲ್ಲಿ ಚುರುಕಾಗಿರುವ ಮಕ್ಕಳಿಗೆ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ, ಕಾರವಾರದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಮೂರು ವರ್ಷ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಐಟಿಐ ಮಾಡಿದವರಿಗೆ ಕಾರವಾರ ನೌಕಾನೆಲೆಯ ಹಡಗು ರಿಪೇರಿ ಯಾರ್ಡಿನಲ್ಲಿ ಅಪ್ರೆಂಟಿಸ್ ತರಬೇತಿ ಸಿಗುತ್ತದೆ. ಇದೆಲ್ಲ ಈಗಲೇ ತೀರ್ಮಾನ ಮಾಡಬೇಕಿಲ್ಲ. ಗಣಿತ ಗಟ್ಟಿ ಇದ್ದರೆ ಹೆಚ್ಚಿನವು ತೆರೆದೇ ಇರುತ್ತವೆ.

ಅಡ್ಮಿಷನ್ನಿಗೆ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಶಾಲೆ ನಡೆಯುವ ದಿನವೇ ಹೋಗಿ, ರಜೆಯಲ್ಲಿ ಬೇಡ. ವಿಜ್ಞಾನದ ಲ್ಯಾಬ್ ತೆರೆಸಿ, ಮೇಜಿನ ಮೇಲೆ ಧೂಳಿದೆಯಾ ನೋಡಿ. 9ನೇ ತರಗತಿಯ ಯಾವುದಾದರೂ ಮಗುವಿನ ಪ್ರಾಜೆಕ್ಟ್ ಪುಸ್ತಕ ಕೇಳಿ ತಿರುವಿ ಹಾಕಿ. ಕನ್ನಡ ಪಾಠ ಮಾಡುವ ಮೇಷ್ಟ್ರು ಅಥವಾ ಅಕ್ಕೋರು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ ವಿಚಾರಿಸಿ. ಖಾಸಗಿ ಶಾಲೆಗಳಲ್ಲಿ ವರ್ಷ ವರ್ಷ ಶಿಕ್ಷಕರು ಬದಲಾಗುವುದೇ ದೊಡ್ಡ ತಾಪತ್ರಯ, ಅದನ್ನು ಬ್ರೋಷರಿನಲ್ಲಿ ಹಾಕುವುದಿಲ್ಲ. ಮತ್ತೆ, ಹಳೇ ಶಾಲೆಯಿಂದ ಟಿಸಿ ತರುವಾಗ 1ರಿಂದ 7ರ ವ್ಯಾಸಂಗ ಪ್ರಮಾಣಪತ್ರವನ್ನೂ ಅವತ್ತೇ ಬರೆಸಿಕೊಳ್ಳಿ. ಹಳ್ಳಿಯ ಕನ್ನಡ ಮಾಧ್ಯಮ ಹೈಸ್ಕೂಲಿಗೇ ಸೇರಿಸುವುದು ಅಂತ ಕೊನೆಗೆ ಮನಸ್ಸಾದರೆ ಅದು ಬೇಕಾಗುತ್ತದೆ.