ಬಾಲದ ಬುಡದಲ್ಲಿ ಬಿಳಿ ಕಂಡರೆ ಸಾಕೇ?

ಪ್ರಶ್ನೆ: ಮಳೆ ಬರುವ ಮುನ್ನ ನೀರಿನ ಮೇಲೆ ಸ್ವಿಫ್ಟ್ ಹಕ್ಕಿಗಳ ಹಿಂಡು ತೀರ ಕೆಳಗೆ ಹಾರಾಡುತ್ತಿತ್ತು. ಒಂದಕ್ಕೆ ಮಾತ್ರ ಬಾಲದ ಬುಡದ ಮೇಲೆ ಬಿಳಿ ಪಟ್ಟಿ. ಬಾಲ ಒಮ್ಮೆ ಕವಲಾಗಿ, ಒಮ್ಮೆ ಸೂಜಿಯಂತೆ ಚೂಪಾಗಿ ಕಾಣುತ್ತಿತ್ತು. ಲಿಟಲ್ ಸ್ವಿಫ್ಟ್ ಇರಬಹುದೇ? ಮೂರು ಫೋಟೊ ಕಳಿಸಿದ್ದೇನೆ.

ಉತ್ತರ: ಲಿಟಲ್ ಸ್ವಿಫ್ಟ್ ಅಲ್ಲ. ಫೋಟೊ ನೋಡುವ ಮೊದಲೇ ನಿಮ್ಮ ‘ಸೂಜಿಯಂತೆ ಚೂಪಾಗಿ’ ಎಂಬ ಮಾತು ಅದನ್ನು ಹೇಳಿಬಿಟ್ಟಿತು. ಆಳವಾದ ಕವಲಿರುವ ಬಾಲ ಮುಚ್ಚಿಕೊಂಡಾಗ ಎರಡೂ ಕವಲು ಸೇರಿ ಒಂದೇ ಮೊನೆಯಾಗುತ್ತದೆ. ಲಿಟಲ್ ಸ್ವಿಫ್ಟ್‌ನ ಬಾಲ ಮುಚ್ಚಿದರೂ ಮೊಂಡು, ಬಿಚ್ಚಿದರೆ ಅಂಚು ದುಂಡಗೆ. ಗಾತ್ರವೂ ಬೇರೆ: ಅದು ಸುಮಾರು 12 ಸೆಂ.ಮೀ. ಉದ್ದದ ಗಿಡ್ಡ ಹಕ್ಕಿ, ಬಿಳಿ ಪಕ್ಕೆಯವರೆಗೂ ಸುತ್ತಿಕೊಂಡಿರುತ್ತದೆ. ನಿಮ್ಮ ಎರಡನೆಯ ಫೋಟೊದಲ್ಲಿ ಹಕ್ಕಿ ಎಡಕ್ಕೆ ಹೊರಳಿದೆ. ಕತ್ತು ಬಿಳಿಚು, ಹೊಟ್ಟೆಯ ಗರಿಗಳಿಗೆ ತಿಳಿಬಣ್ಣದ ಅಂಚು, ರೆಕ್ಕೆ ನೀಳ. ಇದು ಪೆಸಿಫಿಕ್ ಸ್ವಿಫ್ಟ್ ಗುಂಪಿನದು, 17–18 ಸೆಂ.ಮೀ. ಉದ್ದ ಬೆಳೆಯುವ ಹಕ್ಕಿ.

‘ಗುಂಪು’ ಎಂದಿದ್ದಕ್ಕೆ ಕಾರಣವಿದೆ. ಹಿಂದೆ ಒಂದೇ ಪ್ರಭೇದ ಎಂದುಕೊಂಡಿದ್ದನ್ನು ಈಗ ಪೆಸಿಫಿಕ್, ಸಲೀಂ ಅಲಿ, ಬ್ಲೈತ್, ಕುಕ್ ಸ್ವಿಫ್ಟ್ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಈ ಫೋಟೊಗಳಲ್ಲಿ ಅಷ್ಟು ಸೂಕ್ಷ್ಮ ಕಾಣುವುದಿಲ್ಲ. ದಯವಿಟ್ಟು ಗುಂಪಿನ ಹೆಸರಿನಲ್ಲೇ ದಾಖಲಿಸಿ. ಬಲವಂತವಾಗಿ ಪ್ರಭೇದದ ಹೆಸರು ಅಂಟಿಸಿದ ದಾಖಲೆಗಿಂತ ಅದು ಎಷ್ಟೋ ಹೆಚ್ಚು ಉಪಯೋಗದ್ದು.

ಇನ್ನೊಂದು ಎಚ್ಚರಿಕೆ. ಬಣ್ಣಗೇಡಿನಿಂದ ಕಾಮನ್ ಸ್ವಿಫ್ಟ್‌ನ ಬೆನ್ನ ಮೇಲೂ ಬಿಳಿ ಮಚ್ಚೆ ಬರುವುದುಂಟು. ಮಚ್ಚೆ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಇದ್ದರೆ ಮೊದಲು ಅದನ್ನೇ ಅನುಮಾನಿಸಿ. ನಿಮ್ಮ ಹಕ್ಕಿಯ ಪಟ್ಟಿ ಎರಡೂ ಕಡೆ ಸಮವಾಗಿದೆ. ಮಳೆಮೋಡ ಕವಿದಾಗ ನೀರಿನ ಬಳಿ ನಿಂತಿದ್ದು ಬಹಳ ಒಳ್ಳೆಯದಾಯಿತು. ಹುಳುಗಳು ಕೆಳಗಿಳಿದಾಗ ಸ್ವಿಫ್ಟ್‌ಗಳೂ ಇಳಿಯುತ್ತವೆ, ಬೆನ್ನು ನೋಡಲು ಸಿಗುವುದು ಆಗಲೇ.

ಪ್ರಶ್ನೆ: ಕಾಮನ್ ಸ್ವಿಫ್ಟ್‌ಗಳ ನಡುವೆ ಮಾಸಲು ಕಂದು ಬಣ್ಣದ್ದೊಂದು ಕಂಡರೆ ಪ್ಯಾಲಿಡ್ ಸ್ವಿಫ್ಟ್ ಎಂದು ಬರೆದುಕೊಳ್ಳಬಹುದೇ?

ಉತ್ತರ: ಬಣ್ಣವೊಂದನ್ನೇ ನಂಬಿ ಬರೆಯಬೇಡಿ. ಮೋಡದ ಎದುರು ಕಪ್ಪಾಗಿ ಕಂಡ ಕಾಮನ್ ಸ್ವಿಫ್ಟ್, ಬಿಸಿಲು ಬಿದ್ದ ಕೂಡಲೇ ಕಂದಾಗುತ್ತದೆ. ಗೂಡು ಬಿಟ್ಟ ಮರಿಗಳ ಕತ್ತು, ಹಣೆ ಬಿಳಿಚಾಗಿದ್ದು, ಗರಿಯಂಚು ತಿಳಿಯಾಗಿರುವುದರಿಂದ ಗೊಂದಲ ಇನ್ನೂ ಹೆಚ್ಚು. ಹಕ್ಕಿ ಗುಡ್ಡದ ಅಥವಾ ಮರಗಳ ಕಡುಬಣ್ಣದ ಹಿನ್ನೆಲೆಗೆ ಬರುವವರೆಗೆ ಕಾಯಿರಿ. ಪ್ಯಾಲಿಡ್‌ನಲ್ಲಿ ರೆಕ್ಕೆಯ ಹೊರಗರಿಗಳು ಕಪ್ಪು, ಒಳಭಾಗ ತಿಳಿ. ಬೆನ್ನಿನ ನಡುಭಾಗ ತಲೆಗಿಂತ ಕಡು. ಕಣ್ಣಿನ ಸುತ್ತಲ ಕಪ್ಪು ಎದ್ದು ಕಾಣುತ್ತದೆ. ರೆಕ್ಕೆಯ ತುದಿ ತುಸು ಮೊಂಡು. ನನ್ನ ಮಟ್ಟಿಗೆ ಮೊದಲ ಎರಡೂ ಲಕ್ಷಣ ಒಟ್ಟಿಗೆ ಕಂಡರೇ ಪ್ಯಾಲಿಡ್ ಎಂಬ ಹೆಸರು. ಅದೇ ಬೆಳಕಿನಲ್ಲಿ, ಅದೇ ಕಡೆ ತಿರುಗಿದ ಪಕ್ಕದ ಹಕ್ಕಿಯೊಂದಿಗೆ ಹೋಲಿಸಿ ನೋಡಿ. ಕ್ಯಾಮೆರಾದಲ್ಲಿ ಬೆಳಕು ಹೆಚ್ಚಾದರೆ ಯಾವ ಸ್ವಿಫ್ಟ್ ಆದರೂ ಮಾಸಲೇ.

ತಿಂಗಳನ್ನೂ ಮರೆಯಬೇಡಿ. ಬ್ರಿಟನ್ನಿನಿಂದ ಕಾಮನ್ ಸ್ವಿಫ್ಟ್‌ಗಳು ಬಹುಪಾಲು ಆಗಸ್ಟ್‌ನಲ್ಲೇ ಹೊರಟುಬಿಡುತ್ತವೆ. ಹಾಗಾಗಿ ಅಕ್ಟೋಬರ್ ಕೊನೆಯಲ್ಲಿ ಕಂಡ ಸ್ವಿಫ್ಟನ್ನು ಅಲ್ಲಿನ ವೀಕ್ಷಕರು ಪ್ಯಾಲಿಡ್ ಇರಬಹುದೇ ಎಂದು ಕೂಲಂಕಷವಾಗಿ ನೋಡುತ್ತಾರೆ.

ಪ್ರಶ್ನೆ: ತಂತಿಯ ಮೇಲೆ ಸಾಲಾಗಿ ಕೂತ ಸ್ವಿಫ್ಟ್‌ಗಳನ್ನು ಕಂಡೆ. ಇದು ಅಪರೂಪವೇ?

ಉತ್ತರ: ಅವು ಸ್ವಿಫ್ಟ್ ಅಲ್ಲ, ನೋಡಲು ಹಾಗೆಯೇ ಕಾಣುವ ಸ್ವಾಲೋ ಹಕ್ಕಿಗಳು. ಸ್ವಿಫ್ಟ್‌ನ ಪುಟ್ಟ ಕಾಲು ಗೋಡೆ, ಬಂಡೆಗೆ ಆತುಕೊಳ್ಳಲು ಸರಿ, ತಂತಿಯ ಮೇಲೆ ಕೂರಲು ಆಗದು. ಕಾಮನ್ ಸ್ವಿಫ್ಟ್‌ಗಳು ಗೂಡಿನ ಕಾಲ ಬಿಟ್ಟರೆ ಸುಮಾರು 10 ತಿಂಗಳು ಗಾಳಿಯಲ್ಲೇ ಕಳೆಯುತ್ತವೆ ಎಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿಕೊಟ್ಟರು.